ಅಂಗಿ ನೋಡಿ ಕೊಟ್ಟ ಬೀಗದ ಕೈ

ನನ್ನ ಸೋದರತ್ತೆಯನ್ನು ಆ ಬೀದಿಯವರೆಲ್ಲ ಟೈಲರಕ್ಕ ಎಂದೇ ಕರೆಯುತ್ತಾರೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿದಂತೆ ಹೊಲಿಗೆ ಯಂತ್ರ, ಅದರಾಚೆ ಬಟ್ಟೆ ಕತ್ತರಿಸುವ ಮೇಜು. ಗೋಡೆಯ ಮೊಳೆಗಳಲ್ಲಿ ಬೀದಿಯ ಮನೆಗಳ ಬೀಗದ ಕೈಗಳು ತೂಗುತ್ತಿದ್ದವು. ಗುರುತಿಗೆಂದು ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆಯ ಚೂರು ಕಟ್ಟಿರುತ್ತಿದ್ದಳು. ಕೆಲಸಕ್ಕೆ ಹೋಗುವವರು ಅವಳ ಕೈಗೆ ಕೊಟ್ಟರೆ ನಿಶ್ಚಿಂತೆ.

ಅತ್ತೆ ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಒಮ್ಮೆ ಮೂಲೆ ಮನೆಯ ಅಳಿಯನೇ ಬಂದು ಬೀಗದ ಕೈ ಕೇಳಿದಾಗ, "ಅಳಿಯ ಅಂತ ಹಣೆ ಮೇಲೆ ಬರ್ದಿಲ್ವಲ್ಲಪ್ಪ, ನಿಮ್ಮತ್ತೆಗೆ ಫೋನ್ ಮಾಡು" ಎಂದಿದ್ದಳು. ಅಳಿಯನ ಮುಖ ಊದಿಕೊಂಡಿತ್ತು. ಬೀದಿಯವರು ಬಹಳ ದಿನ ಅದನ್ನು ಹೇಳಿಕೊಂಡು ನಕ್ಕರು.

ಅಂಥವಳೇ ಮೋಸ ಹೋದಳು.

ಎದುರು ಮನೆಯ ನರ್ಸ್ ಅಂದು ಬೆಳಿಗ್ಗೆ ಡ್ಯೂಟಿಗೆ ಓಡುತ್ತಾ ಗೇಟಿನಿಂದಲೇ ಕೂಗಿದಳು: "ಅಕ್ಕಾ, ಇವತ್ತು ನನ್ ತಮ್ಮ ಬರ್ತಾನೆ. ಬೀಗದ ಕೈ ಕೊಟ್ಬಿಡಿ!"

ತಮ್ಮನ ಮುಖವನ್ನು ಅತ್ತೆ ನೋಡಿರಲಿಲ್ಲ. ಆದರೆ ಅವನಿಗೆ ಅಂಗಿ ಹೊಲಿದಿದ್ದಳು. ನರ್ಸ್ ತಂದುಕೊಟ್ಟ ಹಳೆಯ ಅಂಗಿಯ ಅಳತೆ ಹಿಡಿದು, ಜೇಬಿನ ಚೌಕಳಿ ಎದೆಯ ಚೌಕಳಿಗೆ ಸೇರುವಂತೆ ಹೊಲಿದಿದ್ದಳು.

ಮಧ್ಯಾಹ್ನ ಒಬ್ಬ ಯುವಕ ಅದೇ ಅಂಗಿ ತೊಟ್ಟು ಬಂದ. "ಅಕ್ಕ ಹೇಳಿದ್ರಲ್ಲ, ಬೀಗದ ಕೈ" ಎಂದ. ಅತ್ತೆ ಅವನ ಮುಖ ನೋಡುವ ಮೊದಲು ಅಂಗಿ ನೋಡಿದಳು. ತನ್ನ ಕೈಯ ಹೊಲಿಗೆಯೇ, ಸಂಶಯವಿಲ್ಲ. ಆದರೆ ಅಂಗಿಯ ಭುಜ ತೋಳಿನ ಮೇಲೆ ಜಾರಿ ಬಿದ್ದಿತ್ತು. ತನ್ನದೇ ಕಟಿಂಗ್ ಕೆಟ್ಟಿದೆಯೆಂದು ಅವಳಿಗೆ ನಾಚಿಕೆಯಾಯಿತು.

"ಅಯ್ಯೋ, ಭುಜ ದೊಡ್ಡದಾಗಿದೆಯಲ್ಲಪ್ಪ! ನಿಮ್ಮಕ್ಕ ಒಂದು ಮಾತೂ ಹೇಳ್ಲಿಲ್ಲ. ಬಿಚ್ಚಿಕೊಡು, ಈಗ್ಲೇ ಸರಿ ಮಾಡ್ತೀನಿ."

"ಇರ್ಲಿ ಬಿಡಿ ಅಕ್ಕ, ಗಾಳಿಯಾಡತ್ತೆ" ಎಂದು ಅವನು ನಕ್ಕ. ಅತ್ತೆಯೂ ನಕ್ಕು ಬೀಗದ ಕೈ ಕೊಟ್ಟಳು.

ನಿಜವಾದ ತಮ್ಮ ಸಂಜೆ ಬಂದಾಗ ಬಾಗಿಲು ತೆರೆದೇ ಇತ್ತು. ನರ್ಸಿನ ತೀರಿಹೋದ ತಾಯಿಯ ಬಳೆಗಳು ಬೀರುವಿನಲ್ಲಿರಲಿಲ್ಲ. ತಮ್ಮ ಹಿಂದಿನ ಸಲ ಬಿಟ್ಟುಹೋಗಿದ್ದ ಅಂಗಿಯನ್ನು ನರ್ಸ್ ಒಗೆದು ಹೊರಗೆ ಒಣಹಾಕಿದ್ದಳು. ಅವಳು ಕೂಗಿದ್ದನ್ನು ಕೇಳಿಸಿಕೊಂಡವನು ತಂತಿಯ ಮೇಲಿನ ಅಂಗಿಯನ್ನೇ ತೊಟ್ಟು ಬಂದಿದ್ದ. ಪೊಲೀಸರು ಬಂದು ವಿಚಾರಿಸಿ ಹೋದರು, ಬಳೆಗಳು ಸಿಗಲಿಲ್ಲ.

ಯಾರೂ ಅತ್ತೆಯನ್ನು ಬೈಯಲಿಲ್ಲ. ಒಬ್ಬರು ಮನೆಗೆ ನೆಂಟರು ಬಂದಿದ್ದಾರೆಂದರು, ಇನ್ನೊಬ್ಬರು ಹೊಸ ಬೀಗ ಹಾಕಿಸಿದೆವೆಂದರು. ಒಂದೊಂದೇ ಮೊಳೆ ಬರಿದಾಯಿತು. "ಬೈದಿದ್ರೆ ವಾಸಿಯಿತ್ತು ಕಣೋ" ಎಂದು ಅತ್ತೆ ನನ್ನ ಬಳಿ ಹೇಳಿದಳು.

ಕೆಲವು ವಾರಗಳ ನಂತರ ನರ್ಸ್ ತಾನೇ ಹೊಸ ಬೀಗದ ಕೈ ಹಿಡಿದು ಬಂದಳು. "ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ದು ನಾನಲ್ವಾ ಅಕ್ಕ? ತಗೊಳ್ಳಿ."

"ನೀನು ಕೂಗಿದ್ದು ತಪ್ಪೇ. ಆದ್ರೆ ಅಂಗಿ ಅವನದಲ್ಲ ಅಂತ ಆ ಭುಜ ಬಾಯಿಬಿಟ್ಟು ಹೇಳ್ತಿತ್ತು ತಾಯಿ. ನಾನು ನನ್ನ ಕತ್ತರೀನ ಬೈಕೊಂಡು ಕೂತೆ. ಬೇಡ, ನೀನೇ ಇಟ್ಕೋ."

ನರ್ಸ್ ಎಷ್ಟು ಹೇಳಿದರೂ ಅತ್ತೆ ಕೈ ಚಾಚಲಿಲ್ಲ.

ಮೊನ್ನೆ ನಾನು ಹೋದಾಗ ನರ್ಸಿನ ತಮ್ಮ ಅತ್ತೆಯ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದ. ಅಕ್ಕನ ಡ್ಯೂಟಿ ಮುಗಿದಿರಲಿಲ್ಲ, ಬೀಗದ ಕೈ ಅವಳ ಬಳಿಯೇ ಇತ್ತು. ದೂರದ ಪ್ರಯಾಣದಿಂದ ಬಂದವನು ಗೋಡೆಗೊರಗಿ ತೂಕಡಿಸುತ್ತಿದ್ದ.

"ಒಳಗೆ ಬಾರಪ್ಪ, ಚಾಪೆ ಹಾಕ್ತೀನಿ" ಎಂದಳು ಅತ್ತೆ.

"ಇರ್ಲಿ ಅಕ್ಕ, ಎದುರಿಗೇ ಮನೆಯಿದೆಯಲ್ಲ."

ಅತ್ತೆ ಎದುರಿನ ಬಾಗಿಲಿನ ಬೀಗವನ್ನೊಮ್ಮೆ ನೋಡಿದಳು. ಆಮೇಲೆ ಒಳಗಿಂದ ದಿಂಬು ತಂದು ಅವನ ಬೆನ್ನಿಗೆ ಕೊಟ್ಟು, ಯಂತ್ರದ ಸದ್ದಿಗೆ ಅವನಿಗೆ ಎಚ್ಚರವಾದೀತೆಂದು ಹೊಲಿಗೆ ನಿಲ್ಲಿಸಿ ಸುಮ್ಮನೆ ಕುಳಿತಳು.