ಸಂಜೆಗೆ ವಾಪಸು ಬರುವ ಗಾಡಿ

ನಮ್ಮ ಮನೆಗೆ ಕಾರಿಗಿಂತ ಮೊದಲು ಕಾರಿನ ಜಗಳ ಬಂತು. ಜಗಳ ಅಪ್ಪನಿಗೂ ಕಾಕಾನಿಗೂ. ಕಾಕಾ ಅಂದರೆ ಅಪ್ಪನ ಬೆನ್ನಿಗೆ ಬಿದ್ದ ತಮ್ಮ, ಸೊಲ್ಲಾಪುರದಲ್ಲಿ ಒಂದಷ್ಟು ಓದಿ, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಲಾರಿ ಹೊಡೆಯುವುದನ್ನು ಕಲಿತು ಬಂದವನು. ಕಾಸಾರಶಿರಸಿ ಸಂತೆಗೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಹಳ್ಳಿ. ಕರಿಮಣ್ಣಿನ ಹೊಲ, ಆ ವರ್ಷ ಶೇಂಗಾ ಕೈಹಿಡಿದಿತ್ತು. ಪೊಲೀಸ್ ಆ್ಯಕ್ಷನ್ನಿನ ಗದ್ದಲ ಅಡಗಿ ವರ್ಷಗಳಾಗಿದ್ದವು. ನಿಜಾಮರ ರಾಜ್ಯದಲ್ಲಿ ಹುಟ್ಟಿದ ನಾನು ಹೈದರಾಬಾದ್ ರಾಜ್ಯದಲ್ಲಿ ಹಾಲುಹಲ್ಲು ಬೀಳಿಸಿಕೊಂಡು, ಮುಂಬೈ ರಾಜ್ಯದಲ್ಲಿ ಪರಕರ ಉಟ್ಟು ಓಡಾಡುತ್ತಿದ್ದೆ. ನಮ್ಮ ಊರು ಮಾತ್ರ ಇದ್ದಲ್ಲೇ ಇತ್ತು. ರಾಜ್ಯಗಳೇ ಇಷ್ಟು ಬದಲಾಗುತ್ತಿರುವಾಗ ನಾವೇಕೆ ಇನ್ನೂ ಎತ್ತಿನ ಬಂಡಿಯಲ್ಲಿ ಕೂತಿರಬೇಕು ಎಂಬುದು ಕಾಕಾನ ವಾದ.

ಕಾರು ಬೇಕು ಎಂಬುದರಲ್ಲಿ ಜಗಳವಿರಲಿಲ್ಲ. ಯಾವುದು ಬೇಕು ಎಂಬುದರಲ್ಲಿತ್ತು. ಉದಗೀರದಲ್ಲಿ ನಿಜಾಮರ ಕಾಲದಿಂದ ನೌಕರಿ ಮಾಡಿ ನಿವೃತ್ತರಾದ ಸಾಹೇಬರೊಬ್ಬರು ಕಣ್ಣು ಮಂಜಾದದ್ದರಿಂದ ತಮ್ಮ ಹಳೆಯ ಕಾರನ್ನು ಮಾರುವವರಿದ್ದರು. ಕಪ್ಪು ಬಣ್ಣ, ಅಗಲ ಹೊಟ್ಟೆ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮನಸ್ಸಿದ್ದಾಗ ಎದ್ದೇಳುವ ಗಾಡಿ. ಅದು ಅಪ್ಪನ ಕಣ್ಣಿಗೆ ಬಿದ್ದಿತ್ತು. ಕಾಕಾನ ಕಣ್ಣು ಸೊಲ್ಲಾಪುರದ ಏಜೆಂಟನೊಬ್ಬ ಮಾರುತ್ತಿದ್ದ ಹೊಸ ಗಾಡಿಯ ಮೇಲೆ. ಅದು ಹಳದಿ ಬಣ್ಣದ್ದು, ಎಷ್ಟು ಸಣ್ಣದೆಂದರೆ ನಮ್ಮ ಕೊಟ್ಟಿಗೆಯ ಗೋದಲಿಯಲ್ಲಿ ಇಟ್ಟು ಮೇಲೆ ಕಣಿಕೆ ಮುಚ್ಚಬಹುದು ಎಂದು ಅಪ್ಪ ಆಡಿಕೊಳ್ಳುತ್ತಿದ್ದ.

ಅಪ್ಪನಿಗೆ ಕಾರಿನ ಬಗ್ಗೆ ಏನೂ ತಿಳಿಯದು. ಎತ್ತಿನ ಬಗ್ಗೆ ಎಲ್ಲವೂ ಗೊತ್ತು. ಆದ್ದರಿಂದ ಅವನು ಕಾರನ್ನು ಎತ್ತಿನ ಹಾಗೆಯೇ ಕೊಳ್ಳಲು ಹೊರಟ. ನಮ್ಮ ಕಡೆ ದನದ ಸಂತೆಯಲ್ಲಿ ಎತ್ತು ಮೆಚ್ಚಿದರೆ ತಕ್ಷಣ ವ್ಯಾಪಾರ ಮುಗಿಸುವುದಿಲ್ಲ. ಮನೆಗೆ ತಂದು, ಹೂಡಿ, ಅದರ ನಡಿಗೆ ನೋಡಿ, ಮನಸ್ಸಿಗೆ ಬಂದರೆ ಇಟ್ಟುಕೊಳ್ಳುವುದು, ಬಾರದಿದ್ದರೆ ಹೊಡೆದುಕೊಂಡು ಹೋಗಿ ಬಿಡುವುದು. ಏಜೆಂಟ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಅಪ್ಪ ಇದನ್ನೇ ಹೇಳಿದ.

"ಹೂಡಿ ನೋಡದ ನಾ ಏನೂ ತಗೊಳ್ಳಂಗಿಲ್ಲ ನೋಡ್ರಿ. ಹೊಸಾದೂ ಒಮ್ಮಿ ಹೋಗಿ ಬರಲಿ, ಹಳೇದೂ ಒಮ್ಮಿ ಹೋಗಿ ಬರಲಿ."

"ಅಹೋ ಮಾಲಕ, ಇದು ಮಶೀನ್ ಅದ, ಎತ್ತಲ್ರೀ," ಎಂದ ಏಜೆಂಟ.

"ಮಶೀನ್ ಆದ್ರ ಏನಾತು? ಅದಕ್ಕೂ ನಡಿಗಿ ಅದ ಹೌದಿಲ್ಲೋ?"

ಏಜೆಂಟನಿಗೆ ಮಾರಾಟ ಬೇಕಿತ್ತು, ಒಪ್ಪಿದ. ಉದಗೀರದ ಸಾಹೇಬರಂತೂ ನಕ್ಕು, ಒಯ್ಯಿರಿ, ದೌಡಾಯಿಸಿ ನೋಡಿರಿ ಎಂದರಂತೆ. ಎತ್ತಿನ ನಡಿಗೆ ಗೊತ್ತಿದ್ದ ದಾರಿಯಲ್ಲೇ ತಿಳಿಯುವುದು ಎಂಬುದು ಅಪ್ಪನ ಇನ್ನೊಂದು ಶಾಸ್ತ್ರ. ನಮ್ಮ ಬಂಡಿ ವರ್ಷಾ ವರ್ಷ ತಪ್ಪದೆ ಹೋಗುತ್ತಿದ್ದ ದೂರದ ದಾರಿ ಒಂದೇ, ಅದು ಅವ್ವನ ತವರಿನ ದಾರಿ.

ಇಡೀ ಜಗಳದಲ್ಲಿ ಅವ್ವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕಾರು ಬಂದರೆ ಕಳೆದುಕೊಳ್ಳುವುದು ಇದ್ದದ್ದು ಮಾತ್ರ ಅವಳೊಬ್ಬಳಿಗೇ. ಅವಳ ತವರು ಉದಗೀರದ ಆಚೆ, ಜಳಕೋಟದ ದಾರಿಯಲ್ಲಿ. ಲೋಕದ ಹೆಣ್ಣುಮಕ್ಕಳೆಲ್ಲ ಪಂಚಮಿಗೆ ತವರಿಗೆ ಹೋದರೆ ಅವ್ವನಿಗೆ ಆ ಭಾಗ್ಯವಿರಲಿಲ್ಲ, ಶ್ರಾವಣದಲ್ಲಿ ಮಾಂಜ್ರಾ ಹೊಳೆ ತುಂಬಿ ನಡುವೆ ಅಡ್ಡ ಮಲಗಿರುತ್ತಿತ್ತು. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಅಂಬಲಿ ಉಂಡು ಮುಗಿದ ಮೇಲೆ ಅವಳ ಸರದಿ. ಬಂಡಿಯಲ್ಲಿ ಎರಡು ದಿನದ ಹಾದಿ. ಅಷ್ಟು ದೂರ ನಡೆದ ಎತ್ತುಗಳನ್ನು ನಾಲ್ಕೇ ದಿನದಲ್ಲಿ ಮತ್ತೆ ಹೂಡುವುದು ಪಾಪ ಎಂದು ಅಪ್ಪ ತಿಳಿದಿದ್ದ. ಹೀಗಾಗಿ ಅವ್ವನಿಗೆ ತವರಿನಲ್ಲಿ ಒಂದು ತಿಂಗಳು ಸಿಗುತ್ತಿತ್ತು. ಸೊಸೆಗೆಂದು ಕೊಟ್ಟದ್ದಲ್ಲ, ಎತ್ತಿಗೆಂದು ಕೊಟ್ಟದ್ದು. ಆದರೂ ಆ ಒಂದು ತಿಂಗಳನ್ನು ನೆನೆದುಕೊಂಡೇ ಅವಳು ಉಳಿದ ಹನ್ನೊಂದು ತಿಂಗಳು ಆಯಿಯ ಕೈಕೆಳಗೆ ರೊಟ್ಟಿ ಬಡಿಯುತ್ತಿದ್ದಳು.

ಆಯಿ ಅಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ಕೊರಳಲ್ಲಿ ಲಿಂಗ, ಸೊಂಟದಲ್ಲಿ ಎಲೆಅಡಿಕೆಯ ಚೀಲ, ನಾಲಿಗೆಯ ತುದಿಯಲ್ಲಿ ಸದಾ ಒಂದು ಆಕ್ಷೇಪಣೆ. ಹಳೆಯ ಕಾರಿನ ಸೀಟು ತೊಗಲಿನದು ಎಂದು ಕೇಳಿದ್ದೇ ತಡ, ಆಯಿ ಮೂಗು ಮುರಿದಳು. "ಲಿಂಗ ಕಟ್ಟಿಕೊಂಡು ತೊಗಲಿನ ಮ್ಯಾಲ ಕೂಡ್ಲೇನು ನಾ? ಅದು ಈ ಮನಿ ಬಾಗಲಾಗ ಬರಬಾರ್ದು," ಎಂದು ತೀರ್ಪು ಕೊಟ್ಟಳು. ಕಾಕಾ ಅಂದು ಒಂದು ರೊಟ್ಟಿ ಹೆಚ್ಚಿಗೆ ತಿಂದ.

ಮೊದಲು ಹೊಸ ಗಾಡಿಯ ಪರೀಕ್ಷೆ. ಅವ್ವ ಎಂದಿನಂತೆ ತಿಂಗಳಿಗಾಗುವಷ್ಟು ಗಂಟು ಕಟ್ಟಿದಳು. ಟ್ರಂಕು, ಎರಡು ಕೌದಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಬುಟ್ಟಿ, ಶೇಂಗಾ ಹೋಳಿಗೆಯ ಡಬ್ಬಿ. ಟ್ರಂಕು ಆ ಗಾಡಿಯ ಬಾಗಿಲಲ್ಲೇ ತೂರಲಿಲ್ಲ. ಉದ್ದಕ್ಕೆ ಹಿಡಿದರು, ಅಡ್ಡ ಹಿಡಿದರು, ಕೊನೆಗೆ ಕೆಳಗಿಟ್ಟರು. ಆಯಿ ಕಟ್ಟೆಯ ಮೇಲಿನಿಂದಲೇ ಪರಿಹಾರ ಸೂಚಿಸಿದಳು.

"ಟ್ರಂಕ್ ಯಾಕ ಬೇಕು? ಗಾಡಿ ಸಂಜಿಗೆ ಹೊಳ್ಳಿ ಬರ್ತದಲ್ಲ, ಅದರಾಗೇ ಬಂದುಬಿಡು. ಬೇಕಂದಾಗ ಮತ್ತ ಹೋಗಲಿಕ್ಕ ಬರ್ತದ."

ಅವ್ವ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು, ಪಕ್ಕದಲ್ಲಿ ನಾನು. ಮುಂದೆ ಏಜೆಂಟ, ಕಾಕಾ. ಗಾಡಿ ಹಾರಿತು ಅನ್ನಬೇಕು. ಬಂಡಿಯಲ್ಲಿ ಹೋಗುವಾಗ ನಾವು ಉಂಡು ಮಲಗುತ್ತಿದ್ದ ಊರನ್ನು ನಾನು ಗುರುತಿಸುವಷ್ಟರಲ್ಲಿ ಅದು ಹಿಂದೆ ಹೋಗಿತ್ತು. ಹೊಳೆಯಲ್ಲಿ ಆಗ ಮೊಣಕಾಲಿನಷ್ಟೂ ನೀರಿರಲಿಲ್ಲ, ಅದನ್ನೂ ದಾಟಿತು. ಅವ್ವನ ಅವ್ವ ಅಂಗಳ ಸಾರಿಸುತ್ತಿದ್ದವಳು ಸೆಗಣಿ ಕೈಯಲ್ಲೇ ಎದ್ದು ನಿಂತಳು. ಮಗಳು ಸಂಜೆಗೋ ಮರುದಿನಕ್ಕೋ ಬಂದಾಳು ಎಂದು ಅವಳು ಇನ್ನೂ ಕಡಲೆಬೇಳೆ ಕೂಡ ಒಲೆಗೆ ಇಟ್ಟಿರಲಿಲ್ಲ. ಓಡಿ ಹೋಗಿ ಇಟ್ಟಳು. ಬೇಳೆ ಬೇಯುವ ಮೊದಲೇ ಏಜೆಂಟ ಗಡಿಯಾರ ನೋಡತೊಡಗಿದ. ಕಾಕಾ ಕೆಮ್ಮಿದ. ಅರೆಬೆಂದ ಬೇಳೆಯ ಮುಂದೆ ತಾಯಿ ಮಗಳು ಇಬ್ಬರೂ ಕೂತು ಅತ್ತರು. ಮಗಳು ಬಂದಿದ್ದಾಳೆಂದು ಕೇಳಿ ಓಣಿಯ ಹೆಂಗಸರು ಬರುವಷ್ಟರಲ್ಲಿ ಗಾಡಿಯ ದೂಳು ಮಾತ್ರ ಉಳಿದಿತ್ತು ಎಂದು ಆಮೇಲೆ ತಿಳಿಯಿತು.

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿದ್ದೆವು. ಊರೇ ನೆರೆದು ಭೇಷ್ ಅಂದಿತು. ಅಪ್ಪನೂ ಮೆತ್ತಗಾದ. "ಇನ್ನ ಮ್ಯಾಲ ತಿಂಗಳಗಟ್ಲೆ ಅಲ್ಲಿ ಕೂಡೋ ತ್ರಾಸ ಇಲ್ಲ ನಿನಗ," ಎಂದು ಅವ್ವನಿಗೆ ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ಅವ್ವ ಒಳಗೆ ಹೋಗಿ, ಕಟ್ಟಿದ ಗಂಟು ಬಿಚ್ಚಿ, ಒಂದೊಂದೇ ಸೀರೆ ತೆಗೆದು ಗೂಟಕ್ಕೆ ಹಾಕಿದಳು. ನನಗೆ ಆ ಹಳದಿ ಗಾಡಿಯನ್ನು ಬಾವಿಗೆ ನೂಕುವಷ್ಟು ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ಆಮೇಲೆ ಹಳೆಯ ಗಾಡಿ. ಕಾಕಾ ಉದಗೀರಕ್ಕೆ ಬಸ್ಸಿನಲ್ಲಿ ಹೋಗಿ ಅದನ್ನು ತಂದ. ಟ್ರಂಕು, ಕೌದಿ, ಬುಟ್ಟಿ, ನಾನು, ಅವ್ವ ಎಲ್ಲರೂ ಒಳಗೆ ಹೋಗಿ ಇನ್ನೂ ಜಾಗ ಉಳಿಯಿತು. ಅದು ಹೊರಟಿತು ಎಂಬುದಕ್ಕಿಂತ ಮನಸ್ಸು ಮಾಡಿತು ಅನ್ನುವುದು ಸರಿ. ಏರು ಬಂದಲ್ಲಿ ನಿಂತಿತು. ಇಳಿಜಾರಿನಲ್ಲಿ ಯಾಕೆ ನಿಂತಿತೋ ಶಿವನೇ ಬಲ್ಲ. ಹೊಳೆಯ ನಡುವೆ ನಿಂತಾಗ ಬೀರಪ್ಪನ ಭಕ್ತರಾದ ಕುರಿಗಾಹಿಗಳು ಬಂದು, ಕಂಬಳಿ ದಡದಲ್ಲಿಟ್ಟು ನೂಕಿದರು. ಕಾಕಾನ ಬೈಗುಳ ಮರಾಠಿ, ದಖನಿ, ಕನ್ನಡ ಮೂರೂ ಮುಗಿದು ಮತ್ತೆ ಮರಾಠಿಗೆ ಬಂದಿತ್ತು. ಸಂಜೆ ಮುಂದೆ ಅಂತೂ ತವರು ಮುಟ್ಟಿದೆವು. ಅಲ್ಲಿ ಗಾಡಿ ಒಮ್ಮೆ ಕೆಮ್ಮಿ, ಹೊಗೆ ಬಿಟ್ಟು, ಕಣ್ಣು ಮುಚ್ಚಿತು.

ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ಕಾಕಾನ ರಟ್ಟೆ ಸೋತವು. ಉದಗೀರದ ಮಿಸ್ತ್ರಿ ಬಂದು ನೋಡಿ, ಯಾವುದೋ ಸಾಮಾನು ಹೈದರಾಬಾದಿನಿಂದ ಬರಬೇಕು ಅಂದ. ಕಾಕಾ ತಲೆ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕೂತ. ಒಳಗೆ ಅವ್ವ ಎಣ್ಣೆ ಹಚ್ಚಿಸಿಕೊಂಡು ನೀರು ಹಾಕಿಸಿಕೊಂಡಳು. ಹೋಳಿಗೆ ಆಯಿತು, ಕಡುಬು ಆಯಿತು. ಬಳೆಗಾರ ಬಂದು ಹಸಿರು ಬಳೆ ಇಡಿಸಿದ. ಅವ್ವ ಮನೆ ಮನೆ ತಿರುಗಿ, ಗೆಳತಿಯರ ಸೊಸೆಯಂದಿರನ್ನೆಲ್ಲ ಪರೀಕ್ಷಿಸಿ ಬಂದಳು. ಅವ್ವ ಬಾಯಿ ತುಂಬ ನಗುವುದನ್ನು ನಾನು ಆ ಊರಿನಲ್ಲಿ ಮಾತ್ರ ನೋಡಿದ್ದೇನೆ. ಹೈದರಾಬಾದಿನ ಸಾಮಾನು ಮಾತ್ರ ಬರಲೇ ಇಲ್ಲ.

ಕೊನೆಗೆ ಅಪ್ಪನೇ ಬಂದ, ಎತ್ತು ಹೊಡೆದುಕೊಂಡು. ನೊಗವನ್ನು ಕಾರಿನ ಮುಂಭಾಗಕ್ಕೆ ಹಗ್ಗದಿಂದ ಬಿಗಿದು, ತಾನು ಬಾನೆಟ್ಟಿನ ಮೇಲೆ ಕೌದಿ ಹಾಸಿ ಕೂತ. ಒಳಗೆ ನಾನು, ಅವ್ವ. ಸ್ಟೇರಿಂಗು ಹಿಡಿದು ಕಾಕಾ. ದಾರಿಯಲ್ಲಿ ಗುರುತಿನವರು ಸಿಕ್ಕಾಗಲೆಲ್ಲ ಅವನಿಗೆ ಕಾಲಬುಡದಲ್ಲಿ ಏನೋ ಬಿದ್ದ ಹಾಗಾಗಿ ತಲೆ ಬಗ್ಗಿಸಿ ಹುಡುಕುತ್ತಿದ್ದ. ಎಂದಿನಂತೆ ಎರಡು ದಿನ ಹಿಡಿಯಿತು. ನಾನು ಅಪ್ಪ ಈಗ ಸಾಹೇಬರ ಮೇಲೆ ಉರಿದು ಬೀಳುತ್ತಾನೆ ಎಂದುಕೊಂಡಿದ್ದರೆ, ಅವನು ಊರು ಮುಟ್ಟುವಷ್ಟರಲ್ಲಿ ಆ ಕಾರಿಗೆ ಸೋತೇಹೋಗಿದ್ದ.

"ಏನ್ ಹಗೂರ ಉರಳತದಪ್ಪಾ!" ಎಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದ. "ಎತ್ತಿನ ಹೆಗಲಿಗಿ ಗೊತ್ತೇ ಆಗಂಗಿಲ್ಲ. ಇಂಥಾ ಬಂಡಿ ನಾ ಹುಟ್ಟಿದಾಗಿಂದ ನೋಡಿಲ್ಲ."

"ಅದು ತಾನ ನಡೀಬೇಕು ಅಣ್ಣಾ! ಎತ್ತು ಎಳೀಬಾರ್ದು!" ಕಾಕಾನಿಗೆ ಅಳು ಬರುವುದೊಂದು ಬಾಕಿ.

"ತಾನೂ ನಡೀತದ, ಎತ್ತೂ ಎಳೀತಾವ. ನಿನ್ನ ಹಳದೀದಕ್ಕ ಒಂದ ಬರ್ತದ."

ಮತ್ತೆ ಜಗಳ ಹತ್ತಿತು. ಆಗ ಅಪ್ಪ, ಸಾಕ್ಷಿ ಇರಲಿ ಎಂದೋ ಏನೋ, ಬಾಗಿಲ ಮರೆಯಲ್ಲಿ ನಿಂತಿದ್ದ ಅವ್ವನತ್ತ ತಿರುಗಿ, "ಎರಡರಾಗೂ ಕೂತು ಬಂದಾಕಿ ನೀನ. ಹೇಳು, ಯಾವುದು ಚಲೋ?" ಎಂದ. ಅತ್ತೆ ಎದುರಿಗೆ ಇದ್ದಾಗ ಅವ್ವ ಗಂಡನೊಂದಿಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು.

"ಹಳೇದ ಇರ್ಲಿ ರೀ. ಹೊಸಾದು ಸಂಜಿಗೆ ಹೊಳ್ಳಿ ಬರ್ತದ."

ಕಾಕಾ ಬಿದ್ದು ಬಿದ್ದು ನಕ್ಕ. ಹೊಳ್ಳಿ ಬರುವುದೂ ಒಂದು ತಪ್ಪೇ ಎಂದು ಊರವರನ್ನು ಕೇಳಿದ. ಅವ್ವನ ಮುಖ ಕೆಂಪಾಯಿತು. ತವರಿನ ತಿಂಗಳೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ತೊಗಲು, ಲಿಂಗ, ಸೊಸೆಯ ಬಾಯಿಬಡುಕತನ ಎಲ್ಲ ಈಗ ಒಟ್ಟಿಗೆ ಹೊರಬೀಳುತ್ತದೆ ಎಂದು ನಾನು ಕಂಬದ ಹಿಂದೆ ಸರಿದೆ.

"ಹಳೇದ ತಗೋರಿ," ಎಂದಳು ಆಯಿ.

ಅಪ್ಪನೂ ದಂಗಾದ. "ಯವ್ವಾ, ಅದು ತೊಗಲಿಂದು..."

"ಕಂಬಳಿ ಹಾಸ್ರಿ. ನನಗ ಹೇಳಲಿಕ್ಕ ಬರಬ್ಯಾಡ."

ಹಳೆಯದೇ ಬಂತು. ಸಾಮಾನೂ ಬಂದು, ಮಿಸ್ತ್ರಿ ಕೂರಿಸಿ, ಗಾಡಿ ಎತ್ತಿಲ್ಲದೆ ಓಡತೊಡಗಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ದಿನವೇ ಆಯಿ, ಮೊದಲ ಸವಾರಿ ತನ್ನದು, ತನ್ನ ತವರಿಗೆ ಎಂದಳು. ಆಯಿಗೂ ತವರು ಇತ್ತೇ ಎಂದು ನನಗೆ ಆಶ್ಚರ್ಯ. ಇತ್ತು, ಉಮರ್ಗಾದ ಕಡೆಗೆ, ನಮ್ಮೂರಿನಿಂದ ಒಂದೂವರೆ ಹರದಾರಿಯಲ್ಲಿ. ಕಂಬಳಿ ಹಾಸಿದ ಸೀಟಿನ ಮೇಲೆ ಆಯಿ, ಅವ್ವ, ನಾನು. ಗಾಡಿ ಎಲ್ಲೂ ನಿಲ್ಲದೆ, ಎಲೆಅಡಿಕೆ ಒಮ್ಮೆ ಜಗಿದು ಮುಗಿಯುವಷ್ಟರಲ್ಲಿ ಮುಟ್ಟಿಸಿತು.

ಅಲ್ಲಿ ಆಯಿಯ ಅಣ್ಣ ಇರಲಿಲ್ಲ, ತೀರಿಹೋಗಿದ್ದ. ಅವನ ಹೆಂಡತಿ, ಆಯಿಯಷ್ಟೇ ಹಣ್ಣಾದ ಮುದುಕಿ, ಮತ್ತು ಅವಳ ಮಗ ಸೊಸೆ ಇದ್ದರು. ಊಟವಾಯಿತು, ಮಾತಾಯಿತು. ಹೊತ್ತು ಇಳಿಯುತ್ತಲೇ ಕಾಕಾ ಎದ್ದು ಹ್ಯಾಂಡಲ್ ಕೈಗೆ ತೆಗೆದುಕೊಂಡ.

"ನಡಿ ಯವ್ವಾ, ಹೊಂಡೋಣು."

"ಗಾಡಿ ಕೆಟ್ಟದ," ಎಂದಳು ಆಯಿ, ಕಟ್ಟೆಯ ಮೇಲಿನಿಂದ ಏಳದೆ.

"ಇಲ್ಲ, ಚಲೋ ಅದ. ಈಗ ತೋರಸ್ತೀನಿ ನೋಡು." ಅವನು ತಿರುಗಿಸಿದ. ಎಂದೂ ಇಲ್ಲದಂತೆ ಗಾಡಿ ಒಂದೇ ಸುತ್ತಿಗೆ ಗುರ್ ಎಂದಿತು.

"ಬಂದ್ ಮಾಡು ಅದನ್ನ. ಹ್ಯಾಂಡಲ್ ತಾ ಇಲ್ಲಿ." ಆಯಿ ಹ್ಯಾಂಡಲ್ ಇಸಿದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಆಮೇಲೆ ಮೆಲ್ಲಗೆ, ಕಾಕಾನಿಗಲ್ಲ, ಅವ್ವನಿಗೆ ಹೇಳಿದಳು. "ಮದಿವ್ಯಾಗಿ ಹೋದ ಮ್ಯಾಲ ಈ ಮನ್ಯಾಗ ಒಂದು ರಾತ್ರಿ ಮಲಗಿಲ್ಲ ನಾ. ಇಲ್ಲೇ ಹತ್ತಿರ ಅದ, ಸಂಜಿಗೆ ಬಂದುಬಿಡು ಅಂತಿದ್ರು. ನಮ್ಮವ್ವ ಹೋದಾಗೂ ಮಣ್ಣು ಕೊಟ್ಟು ಸಂಜಿಗೆ ಹೋಗೀನಿ."

ಕಾಕಾ ನಗಲಿಲ್ಲ. ಅವ್ವ ಬಾಯಿಗೆ ಸೆರಗು ಹಿಡಿದು ನಿಂತಳು. ಹನ್ನೊಂದು ತಿಂಗಳು ತನ್ನ ಜೀವ ಹಿಂಡುವ ಅತ್ತೆಯನ್ನು ಅವಳು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಎಲ್ಲಿ ಹಾಸಬೇಕು ಎಂದು ಆ ಮನೆಯ ಸೊಸೆ ಕೇಳಿದಳು. ಪಡಸಾಲೆಯಲ್ಲಿ ಗಾಳಿ ಬರುತ್ತದೆ, ಅಲ್ಲೇ ಹಾಸುತ್ತೇನೆ ಎಂದಳು. ಆಯಿ ಬೇಡ ಎಂದು ಒಳಗೆ ಬಂದು, ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯನ್ನು ತೋರಿಸಿದಳು. ಅಲ್ಲಿ ಜೋಳದ ಚೀಲಗಳನ್ನು ಮಾಳಿಗೆ ಮುಟ್ಟುವ ಹಾಗೆ ಒಟ್ಟಿದ್ದರು.

"ನಾನೂ ನಮ್ಮವ್ವನೂ ಇಲ್ಲೇ ಮಲಗ್ತಿದ್ದಿವಿ," ಎಂದಳು. "ಸರಸ್ರಿ ಇವನ್ನ."

ಕಾಕಾ ಅಂಗಿಯ ತೋಳು ಮಡಚಿ ಮೊದಲನೆಯ ಚೀಲಕ್ಕೆ ಕೈ ಹಾಕಿದ.