ಮೂರನೇ ಮಹಡಿಯಲ್ಲಿ ಅಪ್ಪಾಸಾಹೇಬನ ಕೈ

2015ರ ಬೇಸಿಗೆಯಲ್ಲಿ ಟೆಕ್ಸಾಸಿನ ಡಲ್ಲಾಸ್ ಬಳಿಯ ಫ್ಲವರ್ ಮೌಂಡಿನ ಕನ್ನಡದ ಮನೆಗಳಲ್ಲಿ ಇದ್ದಕ್ಕಿದ್ದಂತೆ ಹೆಂಗಸರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯತೊಡಗಿದರು. ಗಂಡನ ವೀಸಾದ ಮೇಲೆ ಬಂದು ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದವರಲ್ಲಿ ಹಲವರಿಗೆ ಆ ವರ್ಷ ಕೆಲಸ ಮಾಡಲು ಅನುಮತಿ ಸಿಕ್ಕಿತ್ತು. ಹಲ್ಲಿನ ಡಾಕ್ಟರಿಕೆ ಓದಿದವಳೂ ಟೆಸ್ಟಿಂಗ್, ಸಂಸ್ಕೃತ ಎಂ.ಎ. ಮಾಡಿದವಳೂ ಟೆಸ್ಟಿಂಗ್. ಮೈಸೂರಿನ ನಾಗಮಣಿಯವರಂತೂ ತಮ್ಮ ಮನೆಯ ಮಹಡಿ ಮೇಲಿನ ಆಟದ ಕೋಣೆಯಲ್ಲಿ ಕೇರಂ ಬೋರ್ಡನ್ನು ಗೋಡೆಗೊರಗಿಸಿ, ಹನ್ನೆರಡು ಕುರ್ಚಿ ಹಾಕಿ, ಆರು ವಾರದ ಕೋರ್ಸನ್ನೇ ಶುರು ಮಾಡಿಬಿಟ್ಟರು. ನಡುವೆ ಕಾಫಿ, ಕೋಡುಬಳೆ ಬೇರೆ.

ಎರಡನೇ ವಾರ ಹನ್ನೆರಡರಲ್ಲಿ ಒಂದು ಕುರ್ಚಿ ಖಾಲಿಯಾಯಿತು.

"ನನಗ ಇದು ಬ್ಯಾಡ್ರಿ ಆಂಟಿ. ನಾ ಕಟ್ಟಡ ಕಟ್ಟಾಕಿ," ಎಂದಳು ಗೋದಾವರಿ.

"ಅಯ್ಯೋ, ಇಲ್ಲಿ ನಿನ್ನ ಕೈಗೆ ಯಾರಮ್ಮ ಕಟ್ಟಡ ಕೊಡ್ತಾರೆ? ಎಲ್ಲರೂ ಮಾಡೋದನ್ನ ಮಾಡು. ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ."

ನಾಗಮಣಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೋದಾವರಿಗೆ ಸಿಟ್ಟು ಬಂದದ್ದೇ ಅದಕ್ಕೆ.

ಅವಳು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಅಲ್ಲೇ ಒಬ್ಬ ಬಿಲ್ಡರನ ಬಳಿ ನಾಲ್ಕು ವರ್ಷ ಸೈಟ್ ಎಂಜಿನಿಯರ್ ಆಗಿದ್ದವಳು. ಹೆರಳಿನ ಮೇಲೆ ಹಳದಿ ಹೆಲ್ಮೆಟ್ ಒತ್ತಿಕೊಂಡು, ಸ್ಲ್ಯಾಬ್ ಹಾಕುವ ದಿನ ನಿಂತಲ್ಲೇ ಮಿರ್ಚಿ ಭಜಿ ತಿಂದು, ಎರಡು ಅಪಾರ್ಟ್‌ಮೆಂಟು, ಒಂದು ಕಲ್ಯಾಣ ಮಂಟಪ ಎಬ್ಬಿಸಿದ್ದಳು. ಆಮೇಲೆ ಮದುವೆ, ವಿಮಾನ, ಟೆಕ್ಸಾಸು. ಏಳು ವರ್ಷದಲ್ಲಿ ಅವಳು ಕಟ್ಟಿದ್ದೆಂದರೆ ಮಗಳು ಗಾರ್ಗಿಯ ಶಾಲೆಗೆ ಶೂ ಡಬ್ಬದ ಒಂದು ಗೊಂಬೆಮನೆ. ಅದಕ್ಕೂ ಮೆಟ್ಟಿಲಿನ ಅಳತೆ ಸರಿ ಬರಲಿಲ್ಲವೆಂದು ಎರಡು ಸಲ ಕಿತ್ತು ಅಂಟಿಸಿದ್ದಳು.

ಇಲ್ಲಿ ಕಟ್ಟಡದ ಕೆಲಸಕ್ಕೆ ಏನು ಬೇಕೆಂದು ವಿಚಾರಿಸಿದರೆ ಎಲ್ಲರೂ ಒಂದೇ ಮಾತು ಹೇಳಿದರು: ಬಿಮ್. ಅಂದರೆ ಕಟ್ಟಡವನ್ನು ಮೊದಲು ಕಂಪ್ಯೂಟರಿನೊಳಗೆ ಪೂರ್ತಿ ಕಟ್ಟುವುದು. ಬರೀ ಗೆರೆ ಎಳೆಯುವುದಲ್ಲ. ತೊಲೆ, ಗೋಡೆ, ನೀರಿನ ಪೈಪು, ಏಸಿಯ ಗಾಳಿ ಕೊಳವೆ, ಎಲ್ಲವೂ ನಿಜವಾದ ಅಳತೆಯಲ್ಲಿ. ಆಮೇಲೆ ಎಲ್ಲರ ಮಾದರಿಗಳನ್ನು ಒಂದರೊಳಗೊಂದು ಕೂಡಿಸಿ, ಎಲ್ಲಿ ಎರಡು ವಸ್ತು ಒಂದೇ ಜಾಗಕ್ಕೆ ಜಗಳವಾಡುತ್ತಿವೆ ಎಂದು ಹುಡುಕುವುದು. ಆ ಜಗಳಕ್ಕೆ ಕ್ಲ್ಯಾಷ್ ಎನ್ನುತ್ತಾರೆ.

ಡಲ್ಲಾಸ್ ಕಡೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ವಾರಕ್ಕೆರಡು ದಿನ ಕ್ಲಾಸು. ಸಾಫ್ಟ್‌ವೇರಿನ ಗುಂಡಿಗಳು ಒಂದು ತಿಂಗಳಲ್ಲಿ ಕೈಗೆ ಹತ್ತಿದವು. ಹತ್ತದೆ ಸತಾಯಿಸಿದ್ದು ಅಡಿ, ಇಂಚು, ಇಂಚಿನ ಚೂರುಗಳು. ಮಿಲಿಮೀಟರಿನಲ್ಲಿ ಓದಿದ ತಲೆಗೆ ಎಂಟನೇ ಮೂರು ಇಂಚು ಎಂದರೆ ಚಿಟ್ಟು ಹಿಡಿಯುತ್ತಿತ್ತು. ಕೊನೆಗೆ ನೆನಪಿಗೆ ಬಂದವನು ಹುಬ್ಬಳ್ಳಿಯ ಪ್ಲಂಬರ್ ಮೇಸ್ತ್ರಿ ಅಪ್ಪಾಸಾಹೇಬ. ಎಂಜಿನಿಯರುಗಳು ಮಿಲಿಮೀಟರ್ ಎಂದು ಎಷ್ಟು ಬಡಕೊಂಡರೂ ಆತ ಕಡೆಯವರೆಗೂ ಇಂಚು, ಸೂತ ಬಿಟ್ಟವನಲ್ಲ. ಇಂಚಿಗೆ ಎಂಟು ಸೂತ. ಎಂಟನೇ ಮೂರು ಎಂದರೆ ಮೂರು ಸೂತ, ಅಷ್ಟೇ! ಆ ದಿನ ಗೋದಾವರಿ ಕ್ಲಾಸಿನಲ್ಲಿ ಒಬ್ಬಳೇ ನಕ್ಕಳು. ಪಕ್ಕದಲ್ಲಿ ಕೂತಿದ್ದವನು ಕುರ್ಚಿಯನ್ನು ಸ್ವಲ್ಪ ದೂರ ಸರಿಸಿದ.

ಅಭ್ಯಾಸಕ್ಕೆ ತಮ್ಮ ಮನೆಯನ್ನೇ ಹಿಡಿದಳು. ಗೋಡೆ ಗೋಡೆ ತಟ್ಟಿ ಒಳಗಿನ ಮರದ ಕಂಬ ಎಲ್ಲಿದೆ ಎಂದು ಕಿವಿಗೊಟ್ಟು ಕೇಳಿದಳು.

"ಅಮ್ಮಾ, ನೋಬಡಿ ಈಸ್ ಇನ್ ದೇರ್," ಎಂದಳು ಗಾರ್ಗಿ, ಕನಿಕರದಿಂದ.

ಗಂಡ ಶ್ರೀಪತಿ ಆಫೀಸಿನಿಂದ ಬಂದರೆ ಹೆಂಡತಿ ಅಟ್ಟದ ಮೇಲೆ, ಬಾಯಲ್ಲಿ ಟಾರ್ಚು, ಕೈಯಲ್ಲಿ ಟೇಪು. "ಇವತ್ತ ಊಟಕ್ಕ ಏನೈತಿ ಅಂತ ಕೇಳ್ಬಹುದೇನು?" ಎಂದು ಅವನು ಕೆಳಗಿನಿಂದ ಕೂಗಿದ. "ಅನ್ನ ಇಡ್ರಿ, ಸಾರು ಐತಿ," ಎಂಬ ಉತ್ತರ ಅಟ್ಟದಿಂದ ಬಂತು. ಶ್ರೀಪತಿ ಒಳ್ಳೆಯವನು. ಅನ್ನ ಇಟ್ಟ, ನೀರು ಹೆಚ್ಚು ಹಾಕಿ ಇಟ್ಟ.

ಮರುವರ್ಷ ಶ್ರೀಪತಿಗೆ ಹೂಸ್ಟನ್ನಿಗೆ ವರ್ಗವಾಗಿ ಮನೆ ಆ ಊರ ಅಂಚಿನ ಸೈಪ್ರೆಸ್ಸಿಗೆ ಶಿಫ್ಟ್ ಆಯಿತು. ಗೋದಾವರಿ ಅರ್ಜಿ ಹಾಕಿದಳು, ಹಾಕುತ್ತಲೇ ಹೋದಳು. ಫೋನಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: ಅಮೆರಿಕದಲ್ಲಿ ಅನುಭವ ಇದೆಯೇ? ಕೆಲಸ ಕೊಟ್ಟರೆ ತಾನೇ ಅನುಭವ ಆಗುವುದು, ಎಂದು ಹಲ್ಲು ಕಚ್ಚಿಕೊಂಡು ಮತ್ತೆ ಹಾಕಿದಳು. ನಲವತ್ತೇಳನೆಯ ಅರ್ಜಿಗೆ ಹೂಸ್ಟನ್ನಿನದೇ ಒಂದು ಸಣ್ಣ ಕಂಪನಿ ಕರೆಯಿತು. ಆಸ್ಟಿನ್ನಿನಲ್ಲಿ ಏಳುತ್ತಿದ್ದ ಆಸ್ಪತ್ರೆಯೊಂದರ ಪೈಪು ಮತ್ತು ಏಸಿಯ ಕೆಲಸ ಅವರದು. ಮುಖ್ಯಸ್ಥ ವಾಲ್ಟರ್ ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ಟ್ರಯಲ್ ಎಂದ. ಮೂರನೇ ಮಹಡಿಯ ಮಾದರಿಯನ್ನು ಒಂದೂ ಕ್ಲ್ಯಾಷ್ ಇಲ್ಲದ ಹಾಗೆ ಮಾಡಿ ಕಟ್ಟಡದ ಬೇರೆ ಬೇರೆ ಕೆಲಸದವರೆಲ್ಲರ ಸಹಿ ಹಾಕಿಸಬೇಕು. ಹಾಕಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಇಲ್ಲ.

ಅವಳಿಗೆ ಬೇಕಾಗಿದ್ದುದು ಆ ಖಾಯಂ ಕೆಲಸವೊಂದೇ. ಇಷ್ಟು ವರ್ಷ ಫಾರಂಗಳಲ್ಲಿ ಉದ್ಯೋಗ ಎಂಬ ಜಾಗದಲ್ಲಿ ಗೃಹಿಣಿ ಎಂದು ಬರೆಯುವಾಗಲೆಲ್ಲ ಅವಳ ಕೈ ಒಂದು ಕ್ಷಣ ತಡೆಯುತ್ತಿತ್ತು.

ಮೊದಲ ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಕ್ಲ್ಯಾಷ್ ಇದ್ದವು. ಗೋದಾವರಿ ಮೂರು ವಾರ ಬೆನ್ನು ಎತ್ತದೆ ಕೂತು ದೊಡ್ಡವುಗಳನ್ನೆಲ್ಲ ಬಿಡಿಸಿದಳು. ಉಳಿದ ನಲವತ್ತು ಚಿಲ್ಲರೆಯವು: ಪೈಪು ಗೋಡೆಯ ಅಂಚಿಗೆ ಅರ್ಧ ಇಂಚು ತಾಗಿದ್ದು, ಕೊಳವೆಯ ಮೂಲೆ ಇನ್ನೊಂದನ್ನು ಸವರಿದ್ದು, ಅಂಥವು. ಹುಬ್ಬಳ್ಳಿಯಲ್ಲಿ ಇವಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಗೌಂಡಿ ಉಳಿ ಹಿಡಿದು ಗೋಡೆಗೆ ನಾಲ್ಕು ಏಟು ಹಾಕುತ್ತಾನೆ, ಪೈಪು ಕೂರುತ್ತದೆ, ಮೇಲೆ ಸಿಮೆಂಟು ಮೆತ್ತುತ್ತಾನೆ. ನಲವತ್ತಕ್ಕೂ 'ಒಪ್ಪಿದೆ' ಎಂದು ಗುರುತು ಹಾಕಿ ಕಳಿಸಿಬಿಟ್ಟಳು.

ವಾರದ ಮೀಟಿಂಗಿನಲ್ಲಿ ವಾಲ್ಟರ್ ಅದರಲ್ಲೊಂದನ್ನು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೆರೆದ. "ಇದನ್ನು ಒಪ್ಪಿದವರು ಯಾರು?"

"ನಾನು. ಸೈಟಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ ಅಂತ."

ಯಾರೋ ಕೆಮ್ಮಿದರು. ವಾಲ್ಟರ್ ದನಿ ಏರಿಸಲಿಲ್ಲ. "ಇಲ್ಲಿ ಸೈಟಿನಲ್ಲಿ ಯಾರೂ ಏನೂ ಅಡ್ಜಸ್ಟ್ ಮಾಡುವುದಿಲ್ಲ. ಈ ಮಾದರಿ ನೋಡಿಕೊಂಡೇ ಹೂಸ್ಟನ್ನಿನ ನಮ್ಮ ವರ್ಕ್‌ಶಾಪಿನಲ್ಲಿ ಪೈಪು ಕತ್ತರಿಸಿ, ಜೋಡಿಸಿ, ಲಾರಿಯಲ್ಲಿ ಆಸ್ಟಿನ್ನಿಗೆ ಕಳಿಸುತ್ತೇವೆ. ನೀನು ಅರ್ಧ ಇಂಚು ತಪ್ಪಿದರೆ ಲಾರಿಯೇ ವಾಪಸ್ ಬರುತ್ತದೆ."

ಗೋದಾವರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೀಟಿಂಗ್ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಚೆನ್ನಾಗಿ ಅತ್ತಳು. ನಾಗಮಣಿಯವರ ಆಟದ ಕೋಣೆಯೂ ಖಾಲಿ ಕುರ್ಚಿಯೂ ಕಣ್ಣ ಮುಂದೆ ಬಂದವು. ಬಂದದ್ದೇ ತಡ, ಕಣ್ಣೊರೆಸಿಕೊಂಡು ಒಳಗೆ ಹೋಗಿ ನಲವತ್ತನ್ನೂ ಮತ್ತೆ ತೆರೆದಳು.

ಮಾರ್ಚ್ ಕೊನೆಯ ವಾರ ಕ್ಲ್ಯಾಷ್ ಸೊನ್ನೆಗೆ ಬಂತು. ಗುರುವಾರ ಆಸ್ಟಿನ್ನಿನ ಸೈಟಿನಲ್ಲಿ ಸಹಿ, ಶುಕ್ರವಾರ ಟ್ರಯಲ್ ಮುಕ್ತಾಯ. ಮಂಗಳವಾರ ಮಧ್ಯಾಹ್ನ ಗೋದಾವರಿ ತನ್ನ ಸೊನ್ನೆಯ ಚಂದ ನೋಡುತ್ತ ಮಾದರಿಯೊಳಗೆ ಸುಮ್ಮನೆ ಅಡ್ಡಾಡುತ್ತಿದ್ದಳು. ಆಪರೇಷನ್ ಕೋಣೆಯ ಹೊರಗಿನ ಓಣಿ, ಅದರ ಸೀಲಿಂಗಿನ ಮೇಲೊಂದು ವಾಲ್ವ್. ನೀರು ನಿಲ್ಲಿಸಬೇಕಾದರೆ ತಿರುಗಿಸುವ ವಾಲ್ವ್. ಅದರ ಸುತ್ತ ಕೊಳವೆಗಳು ಎರಡೆರಡು ಇಂಚು ದೂರದಲ್ಲಿ ಅಚ್ಚುಕಟ್ಟಾಗಿ ನಿಂತಿದ್ದವು. ಯಾವುದೂ ಯಾವುದಕ್ಕೂ ತಾಗಿರಲಿಲ್ಲ.

ಆದರೆ ಎರಡಿಂಚಿನ ಸಂದಿನಲ್ಲಿ ಕೈ ತೂರುವುದು ಹೇಗೆ? ಹುಬ್ಬಳ್ಳಿಯ ಕಲ್ಯಾಣ ಮಂಟಪದ ಮೊದಲ ಮದುವೆ ನೆನಪಾಯಿತು. ಪಂಕ್ತಿ ಕೂತು ಹೋಳಿಗೆ ಬಡಿಸುವ ಹೊತ್ತಿಗೆ ಗೋಡೆಯೊಳಗೆ ಪೈಪು ಒಡೆದು ಊಟದ ಹಾಲಿಗೆ ನೀರು ನುಗ್ಗಿತ್ತು. ವಾಲ್ವ್ ಇತ್ತು, ಗೋಡೆಯ ಕಿಂಡಿಯಲ್ಲಿ ಕಾಣುತ್ತಲೂ ಇತ್ತು. ಅಪ್ಪಾಸಾಹೇಬನ ಕೈ ಮಾತ್ರ ಅದರವರೆಗೆ ಹೋಗಲಿಲ್ಲ. ಎಲೆಗಳು ತೇಲಿದವು. ಆ ಗೋಡೆ ಮುಚ್ಚಿ ಎಂದು ಹೇಳಿದವಳು ಗೋದಾವರಿಯೇ. ಅಂದಿನಿಂದ ಅಪ್ಪಾಸಾಹೇಬ ತನ್ನ ಕೈಯನ್ನು ಪಾನದ, ಅಂದರೆ ಸ್ಪ್ಯಾನರಿನ, ಸಮೇತ ಒಳಗೆ ತೂರಿಸಿ ನೋಡದೆ ಒಂದೂ ಗೋಡೆ ಮುಚ್ಚಲು ಬಿಡುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿಗೆ ಫೋನ್ ಮಾಡಿದಳು. ಅಲ್ಲಿ ಸಂಜೆ.

"ಅಪ್ಪಾಸಾಹೇಬ್ರ, ನಿಮ್ಮ ಬಲಗೈ ಅಳತಿ ಬೇಕಾಗೇದ್ರಿ. ಪಾನಾ ಹಿಡ್ಕೊಂಡು, ಮೊಳಕೈಯಿಂದ ತುದಿ ತನಕ."

ಒಂಬತ್ತು ವರ್ಷದ ಮೇಲೆ ಫೋನ್ ಮಾಡಿ ಕೈ ಅಳತೆ ಕೇಳುವ ಮೇಡಮ್ಮನ ಬಗ್ಗೆ ಆತ ಏನಂದುಕೊಂಡನೋ, ಕಾರಣ ಕೇಳಲಿಲ್ಲ. ಟೇಪು ಎಳೆಯುವ ಸದ್ದು ಬಂತು. "ಇಪ್ಪತ್ತೊಂದು ಇಂಚು, ಎರಡು ಸೂತ ರೀ ಮೇಡಮ್ಮಾರ. ಅಗಲ ಐದೂವರಿ. ತಿರಗಸಾಕ ಜಾಗಾ ಬ್ಯಾರೆ ಬಿಡ್ರಿ ಮತ್ತ."

ಅಷ್ಟೇ ಅಳತೆಯ ಡಬ್ಬವೊಂದನ್ನು ಗೋದಾವರಿ ಕಂಪ್ಯೂಟರಿನಲ್ಲಿ ಮಾಡಿದಳು. ಅದಕ್ಕೊಂದು ಹೆಸರು ಕೊಡಬೇಕಿತ್ತು, ಅಪ್ಪಾಸಾಹೇಬ ಎಂದಿಟ್ಟಳು. ಪ್ರತಿ ವಾಲ್ವಿನ ಮುಂದೂ ಅವನನ್ನು ನಿಲ್ಲಿಸಿ ಪರೀಕ್ಷೆ ಓಡಿಸಿದಳು. ಸೊನ್ನೆ ಹೋಗಿ ಮೂವತ್ತೊಂದು ಬಂತು.

ವಾಲ್ಟರ್ ಪಟ್ಟಿ ನೋಡಿ ಕನ್ನಡಕ ತೆಗೆದ. "ನಾವು ಒಪ್ಪಿಕೊಂಡದ್ದು ಸೊನ್ನೆ. ಸೊನ್ನೆ ಬಂದಿದೆ. ಎರಡನೇ ಮಹಡಿಯನ್ನೂ ಹೀಗೇ ಕೂರಿಸಿದ್ದೇವೆ. ನಾಳೆ ಹೊಸದೇನೂ ತೆಗೆಯಬೇಡ."

ಮನೆಯಲ್ಲಿ ಶ್ರೀಪತಿಯೂ ಅದನ್ನೇ ಹೇಳಿದ. "ಎರಡು ದಿನ ಸುಮ್ಮನಿರು ಗೋದಾ. ನೌಕರಿ ಖಾಯಂ ಆದ ಮ್ಯಾಲ ಹೇಳಿದ್ರಾತು."

"ಪೈಪ್ ಕತ್ತರಿಸಿದ ಮ್ಯಾಲ ಹೇಳಿ ಏನ್ ಮಾಡ್ಲಿರಿ? ಒಂದ್ ಸಲ ಗ್ವಾಡಿ ಮುಚ್ಚಿಸಿ ಮಂದಿ ಊಟದ ಎಲಿ ತೇಲಿಸೀನಿ. ಇದು ದವಾಖಾನಿ."

ಬೆಳಿಗ್ಗೆ ಶ್ರೀಪತಿ ಅವಳಿಗಿಂತ ಮೊದಲೇ ಎದ್ದು ಕಾರಿಗೆ ಪೆಟ್ರೋಲು ಹಾಕಿಕೊಂಡು ಬಂದ.

290ರ ಹೆದ್ದಾರಿಯುದ್ದಕ್ಕೂ ನೀಲಿ ಹೂ ಬಿಟ್ಟಿತ್ತು. ಗೋದಾವರಿ ಅದರತ್ತ ನೋಡದೆ, ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡುತ್ತ ಆಸ್ಟಿನ್ ತಲುಪಿದಳು. ಸೈಟಿನ ಆಫೀಸು ಟ್ರೇಲರಿನಲ್ಲಿ ಹತ್ತು ಜನ. ವಾಲ್ಟರ್ ಸಹಿಯ ಹಾಳೆಯನ್ನು ಮೇಜಿನ ಮೇಲಿಟ್ಟ. ಪೆನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ ಅವಳ ಮುಂದೆ ಬಂತು. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಮೂವತ್ತೊಂದು ವಾಲ್ವಿಗೆ ಕೈ ಹೋಗುವುದಿಲ್ಲ. ನಾನು ಸಹಿ ಹಾಕುವುದಿಲ್ಲ."

ಬಾಯಿಪಾಠ ಮಾಡಿದ ನಾಲ್ಕರಲ್ಲಿ ಉಳಿದ ವಾಕ್ಯಗಳೆಲ್ಲ ಮರೆತೇ ಹೋಗಿದ್ದವು. ವಾಲ್ಟರನ ಮುಖ ಕೆಂಪೇರಿತು. "ಕಂಪ್ಯೂಟರ್ ಸೊನ್ನೆ ಎನ್ನುತ್ತಿದೆ," ಎಂದ.

"ಕಂಪ್ಯೂಟರಿಗೆ ಕೈ ಇಲ್ಲ. ಎರಡನೇ ಮಹಡಿಯಲ್ಲಿ ಕೂರಿಸಿದ್ದೀರಲ್ಲ, ಯಾರಾದರೂ ಒಂದು ವಾಲ್ವ್ ತಿರುಗಿಸಿ ತೋರಿಸಿ. ಆಮೇಲೆ ಹಾಕುತ್ತೇನೆ."

ಮೂಲೆಯಲ್ಲಿ ಕೂತಿದ್ದ ಎಸ್ತೆಬಾನ್ ಎದ್ದ. ಪೈಪಿನವರ ಫೋರ್‌ಮನ್, ದಪ್ಪ ಮುಂಗೈಯ ಆಸಾಮಿ. ಹೆಲ್ಮೆಟ್ ಹಾಕಿಕೊಂಡು ಬಾಗಿಲು ತೆರೆದು ಹಿಡಿದ. ಎಲ್ಲರೂ ಅವನ ಹಿಂದೆ ಎರಡನೇ ಮಹಡಿಗೆ ಹತ್ತಿದರು. ಎಸ್ತೆಬಾನ್ ಏಣಿ ಇಟ್ಟು, ಪಾನ ಹಿಡಿದು, ಕೊಳವೆಗಳ ನಡುವೆ ಕೈ ತೂರಿಸಿದ. ಮೊಳಕೈವರೆಗೆ ಹೋಗಿ ಸಿಕ್ಕಿಕೊಂಡಿತು. ಪಾನದ ತುದಿಗೂ ವಾಲ್ವಿಗೂ ಇನ್ನೂ ನಾಲ್ಕು ಬೆರಳು ಅಂತರ. ಓರೆ ಮಾಡಿದ, ಭುಜ ಒತ್ತಿದ, ಸ್ಪ್ಯಾನಿಷ್‌ನಲ್ಲಿ ಏನೋ ಬೈದ. ಕೆಳಗಿಳಿದಾಗ ಮುಂಗೈ ತರಚಿ ರಕ್ತ ಜಿನುಗುತ್ತಿತ್ತು. ಪಾನವನ್ನು ವಾಲ್ಟರನ ಕೈಗೆ ಕೊಟ್ಟ.

ವಾಲ್ಟರ್ ತಾನೇ ಏಣಿ ಹತ್ತಿದ. ಅಲ್ಲಿ ಬಹಳ ಹೊತ್ತು ಇದ್ದ. ಇಳಿದಾಗ ಇಸ್ತ್ರಿಯ ಅಂಗಿಗೆಲ್ಲ ಬೂದು ಧೂಳು. ಸಹಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

"ಎಷ್ಟು ದಿನ ಬೇಕು?"

"ಹತ್ತು. ಆದರೆ ನನ್ನ ಟ್ರಯಲ್ ನಾಳೆಗೆ..."

"ಟ್ರಯಲ್ ಮಾತು ಬಿಡು. ಹತ್ತು ದಿನ ಇದು. ಆಮೇಲೆ ನಾಲ್ಕನೇ ಮಹಡಿ, ಐದು, ಆರು. ಈ ಎರಡನೆಯದನ್ನು ಬಿಚ್ಚಿಸುವ ತಲೆನೋವು ನನ್ನದು." ಎರಡು ಹೆಜ್ಜೆ ಹೋಗಿ ತಿರುಗಿದ. "ಪಟ್ಟಿಯಲ್ಲಿ ಮೂವತ್ತೊಂದು ಸಲ ಒಂದು ಹೆಸರಿದೆ. ಯಾರದು?"

"ನನಗೆ ಪ್ಲಂಬಿಂಗ್ ಕಲಿಸಿದವರು."

"ಎಲ್ಲ ಮಹಡಿಗೂ ಅವನನ್ನು ಓಡಿಸು," ಎಂದ ವಾಲ್ಟರ್. ಹೆಸರು ಹೇಳಲು ಎರಡು ಸಲ ಪ್ರಯತ್ನಪಟ್ಟು ಬಿಟ್ಟ.

ಮರುದಿನ ಬೆಳಿಗ್ಗೆ ಸೈಪ್ರೆಸ್ಸಿನ ಅಡುಗೆಮನೆಯಿಂದ ಮತ್ತೆ ಹುಬ್ಬಳ್ಳಿಗೆ ಫೋನ್ ಹೋಯಿತು. ಗೋದಾವರಿ ನಡೆದದ್ದನ್ನೆಲ್ಲ ಹೇಳಿದಳು. "ನೌಕರಿ ಸಿಕ್ಕಿತ್ರಿ ಅಪ್ಪಾಸಾಹೇಬ್ರ. ನಿಮ್ಮ ಕೈಯಿಂದ."

ಆ ಕಡೆಯಿಂದ ಟೇಪು ಎಳೆಯುವ ಕಿರ್ ಎನ್ನುವ ಸದ್ದು ಬಂತು.

"ಚೊಲೋ ಆತು ಮೇಡಮ್ಮಾರ. ಆದ್ರ ನೀವು ಬಲಗೈ ಅಷ್ಟ ಕೇಳಿದ್ರಿ. ಮೂಲ್ಯಾಗಿನ ವಾಲ್ವ್ ಎಡಗೈಲೆ ತಿರಗಸಬೇಕಾಗ್ತದ. ಬರ್ಕೋರಿ."

ಗೋದಾವರಿ ಗಾರ್ಗಿಯ ಪೆನ್ಸಿಲ್ ಎಳೆದುಕೊಂಡು ಬರೆದುಕೊಂಡಳು.