ಅರ್ಧ ಟ್ಯಾಂಕಿನ ನೀರು

ನೀರಿನ ಟ್ಯಾಂಕರ್ ಓಡಿಸುವ ಅವನಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಗಾಡಿ ನಿಂತ ಮೇಲೂ ಬ್ರೇಕಿನಿಂದ ಕಾಲು ತೆಗೆಯದೆ ಕೂತೇ ಇರುತ್ತಾನೆ. ‘ಏನಪ್ಪಾ, ಸೀಟಿಗೆ ಅಂಟ್ಕೊಂಡ್ಬಿಟ್ಯಾ?’ ಎಂದು ಕೊಡ ಹಿಡಿದ ಹೆಂಗಸರು ಛೇಡಿಸುತ್ತಾರೆ. ಅವರಿಗೇನು ಗೊತ್ತು? ತುಂಬಿದ ಟ್ಯಾಂಕು ಸಾಧು, ಖಾಲಿ ಟ್ಯಾಂಕೂ ಸಾಧು. ತಲೆನೋವೆಲ್ಲ ಅರ್ಧ ಟ್ಯಾಂಕಿನದು. ಗಾಡಿ ನಿಂತರೂ ಒಳಗಿನ ನೀರು ನಿಲ್ಲುವುದಿಲ್ಲ. ಬಂದ ವೇಗದಲ್ಲೇ ನುಗ್ಗಿ ಎದುರಿನ ತಗಡಿಗೆ ಗುದ್ದುತ್ತದೆ. ಆಗ ಬ್ರೇಕು ಬಿಟ್ಟರೆ ಇಡೀ ಗಾಡಿ ಮುಂದಕ್ಕೆ ಜಿಗಿಯುತ್ತದೆ. ನೀರು ತಡೆಯಲು ಒಳಗೆ ಅಡ್ಡ ತಗಡು ಹಾಕಿಸಿ ಎಂದು ಮಾಲೀಕನಿಗೆ ಹೇಳಿ ಹೇಳಿ ಬಾಯಿ ಒಣಗಿತ್ತು. ಮಾಲೀಕನದು ಒಂದೇ ಉತ್ತರ: ‘ನೋಡೋಣ.’ ಆ ಮಹಾನುಭಾವ ಇನ್ನೂ ನೋಡುತ್ತಲೇ ಇದ್ದಾನೆ.

ಮೊನ್ನೆ ಒಂದು ಮನೆಗೆ ಅರ್ಧ ನೀರು ಇಳಿಸಿ, ಮಿಕ್ಕಿದ್ದನ್ನು ಇನ್ನೊಂದು ಮನೆಗೆ ಒಯ್ಯುತ್ತಿದ್ದ. ಕೆಂಪು ದೀಪಕ್ಕೆ ಗಾಡಿ ನಿಲ್ಲಿಸಿದ್ದೇ ತಡ, ಹಸಿರು ಬಿತ್ತು. ಹಿಂದಿನವರು ಹಾರ್ನ್ ಹೊಡೆದು ಜೀವ ತಿಂದರು. ರೇಗಿಹೋಗಿ ಕಾಲೆತ್ತಿದ, ಅಷ್ಟೆ. ಗೇರು ಹಾಕಿರಲಿಲ್ಲ, ಆಕ್ಸಿಲರೇಟರ್ ಮುಟ್ಟಿರಲಿಲ್ಲ. ನೀರು ಗುದ್ದಿತು, ಗಾಡಿ ಜಿಗಿಯಿತು, ಮುಂದಿದ್ದ ಕಾರಿನ ಹಿಂಭಾಗ ಅಪ್ಪಚ್ಚಿಯಾಯಿತು.

‘ನಿಂತಿದ್ದ ಗಾಡಿ ತಾನಾಗೇ ಹೋಯ್ತಾ? ಕಾಗೆ ಹಾರಿಸ್ಬೇಡ,’ ಎಂದ ಠಾಣೆಯಲ್ಲಿ ಇನ್‌ಸ್ಪೆಕ್ಟರ್. ‘ತೂಕಡಿಸಿದೆ ಅಂತ ಒಪ್ಕೋ, ಎಚ್ಚರಿಕೆ ಕೊಟ್ಟು ಬಿಟ್ಬಿಡ್ತೀನಿ. ಇಲ್ಲಾಂದ್ರೆ ಲೈಸೆನ್ಸ್ ಇಲ್ಲೇ ಇರುತ್ತೆ.’

‘ನಾನು ತೂಕಡಿಸ್ಲಿಲ್ಲ ಸಾರ್. ಬೇಕಾದ್ರೆ ಓಡಿಸಿ ತೋರಿಸ್ತೀನಿ.’

ಮರುದಿನ ಮಾಲೀಕ ಗಾಡಿಯನ್ನು ಠಾಣೆಯ ಪಕ್ಕದ ಬಯಲಿಗೆ ತರಿಸಿದ. ಹೇಗೂ ಆಮೇಲೆ ಒಂದು ಲೋಡು ಕೊಡಬೇಕಲ್ಲ ಎಂದು ಅಂಚಿನವರೆಗೂ ನೀರು ತುಂಬಿಸಿಯೇ ತರಿಸಿದ್ದ! ನಿಧಾನಪ್ಪ ಸೀಟಿಗೆ ಹತ್ತಿದ. ಓಡಿಸಿದ, ನಿಲ್ಲಿಸಿದ, ಕಾಲೆತ್ತಿದ. ಹೊರಳಾಡಲು ಜಾಗವಿಲ್ಲದ ನೀರು ತೆಪ್ಪಗೆ ಕೂತಿತ್ತು. ಗಾಡಿ ಮಿಸುಕಲಿಲ್ಲ.

‘ಅರ್ಧ ಖಾಲಿ ಮಾಡ್ಬೇಕು ಸಾರ್, ಆಗ ಗೊತ್ತಾಗುತ್ತೆ!’

‘ಚೆಲ್ಲೋದಾ? ಯಾರಪ್ಪನ ಮನೆ ಗಂಟು?’ ಮಾಲೀಕ ಹಾರಿಬಿದ್ದ.

ಇನ್‌ಸ್ಪೆಕ್ಟರ್ ಆಕಳಿಸಿದ. ‘ಒಪ್ಕೋತೀಯೋ ಇಲ್ವೋ?’

‘ಇಲ್ಲ.’

ಲೈಸೆನ್ಸು ಮೇಜಿನ ಡ್ರಾಯರಿಗೆ ಹೋಯಿತು. ಗಾಡಿಯ ಕೀಲಿಯನ್ನು ಮಾಲೀಕ ಕಿತ್ತುಕೊಂಡ. ಇಷ್ಟು ವರ್ಷ ಒಂದು ಗೀರು ಬೀಳದಂತೆ ಓಡಿಸಿದವನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ! ಹಲ್ಲು ಕಚ್ಚಿಕೊಂಡು ನಡೆದೇ ಮನೆಗೆ ಬಂದ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ನಿಂತ ಗಾಡಿ, ನಿಲ್ಲದ ನೀರು, ತುಂಬಿ ತಂದ ಟ್ಯಾಂಕು. ಕೊನೆಗೆ ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದಳು: ‘ನನ್ ಹತ್ರ ಆದ್ರೂ ನಿಜ ಹೇಳಿ. ಕಣ್ಣು ಹತ್ತಿತ್ತಾ?’

ಅವನು ಅವಳ ಮುಖವನ್ನೇ ನೋಡಿದ. ಮತ್ತೆ ಮೊದಲಿನಿಂದ ಹೇಳುವ ತ್ರಾಣವಿರಲಿಲ್ಲ.

‘ಹೂಂ.’

ಅವಳು ಹಣೆ ಚಚ್ಚಿಕೊಂಡಳು. ‘ಇದನ್ನೇ ಅಲ್ಲಿ ಹೇಳಿದ್ರೆ ಲೈಸೆನ್ಸ್ ಉಳೀತಿತ್ತಲ್ರೀ!’